ಮುರಿದ ಕೊಡೆಯ ನ್ಯಾಯ

ಜುಲೈ ತಿಂಗಳಲ್ಲಿ ಕಳಸ, ಕೊಟ್ಟಿಗೆಹಾರದ ಕಡೆ ಯಾವ ಶಾಲೆಗೆ ಹೋದರೂ ಮೊದಲು ಕಣ್ಣಿಗೆ ಬೀಳುವುದು ಕೊಡೆಗಳ ಸಾಲು. ಜಗಲಿಯ ಉದ್ದಕ್ಕೂ ಅರ್ಧ ಬಿಡಿಸಿಟ್ಟವು, ಮಡಚಿ ಗೋಡೆಗೆ ಒರಗಿಸಿದವು, ಕಿಟಕಿಯ ಸರಳಿಗೆ ನೇತುಹಾಕಿದವು. ಅದಲುಬದಲಾಗದಿರಲಿ ಎಂದು ಹಿಡಿಗೆ ಬಣ್ಣದ ದಾರ ಸುತ್ತಿರುತ್ತಾರೆ, ಬಟ್ಟೆಯ ಮೇಲೆ ಬಿಳಿ ಪೇಂಟಿನಲ್ಲಿ ಹೆಸರಿನ ಮೊದಲಕ್ಷರ ಬರೆದಿರುತ್ತಾರೆ. ಒಳಗೆ ಹೆಂಚಿನ ಮೇಲೆ ಸುರಿಯುವ ಮಳೆಯ ಸದ್ದಿಗೆ ಮೇಷ್ಟ್ರ ದನಿ ಮೂರನೇ ಬೆಂಚು ದಾಟುವುದಿಲ್ಲ. ಹೊರನಾಡಿನ ದಾರಿಯ ಹೆಬ್ಬಾಳೆ ಸೇತುವೆಯ ಮೇಲೆ ಭದ್ರೆ ಹರಿದರಂತೂ ಆ ಕಡೆಯಿಂದ ಬರುವ ಮಕ್ಕಳ ಜಾಗ ಖಾಲಿ. ಇಂಥ ಸೀಮೆಯಲ್ಲಿ ಶಾಲೆಗೆ ಬೇಕಾದ ಸಾಮಾನುಗಳ ಪಟ್ಟಿಯಲ್ಲಿ ಪಾಟಿ, ಪುಸ್ತಕಕ್ಕಿಂತ ಮೇಲೆ ಕೊಡೆ ಬರುತ್ತದೆ.

ಈಗ ಒಂದು ಕೊಡೆ ಮುರಿಯೋಣ. ಶಾಲೆ, ಹುಡುಗರು ಎಲ್ಲ ನನ್ನ ಕಲ್ಪನೆ. ಆದರೆ ಶಾಲೆಯ ಮೆಟ್ಟಿಲು ಹತ್ತಿದ ಯಾರಿಗೂ ಇವರು ಅಪರಿಚಿತರಲ್ಲ. ಒಂಬತ್ತನೇ ಕ್ಲಾಸಿನವನೊಬ್ಬ, ಎರಡೆಕರೆ ಕಾಫಿ ತೋಟದ ಮನೆಯವನು. ಎಂಟನೇ ಕ್ಲಾಸಿನವನೊಬ್ಬ, ಎಸ್ಟೇಟಿನ ಕೂಲಿ ಲೈನಿನವನು, ಅಪ್ಪ ಅಮ್ಮ ಅಸ್ಸಾಮಿನಿಂದ ಕೆಲಸಕ್ಕೆ ಬಂದವರು. ಇವನ ಕನ್ನಡವನ್ನು ಅವನು ಅಣಕಿಸಿದ, ಇವನು ತನಗೆ ಚೆನ್ನಾಗಿ ಬಂದಿದ್ದ ಒಂದೇ ಕನ್ನಡ ಬೈಗುಳವನ್ನು ಸ್ಪಷ್ಟವಾಗಿ ಪ್ರಯೋಗಿಸಿದ. ತಳ್ಳಾಟ. ಲೈನಿನವನ ಕೊಡೆಯ ಎರಡು ಕಡ್ಡಿ ಲಟಕ್ಕೆಂದವು, ಬಟ್ಟೆ ಹರಿಯಿತು.

"ಯಾರೋ ಅದು ಮುರ್ದಿದ್ದು?"

"ಅವ್ನೇ ಸಾರ್ ಫಸ್ಟ್ ಬೈದಿದ್ದು."

"ನಾನ್ ಕೇಳಿದ್ದು ಯಾರು ಮುರ್ದಿದ್ದು ಅಂತ."

ಎರಡೇಟು, ಇಲ್ಲವೇ ಒಂದು ಪೀರಿಯಡ್ ಹೊರಗೆ ನಿಲ್ಲುವುದು, ಜೊತೆಗೆ "ನಾಳೆ ನಿಮ್ಮಪ್ಪನ್ನ ಕರ್ಕೊಂಡ್ ಬಾ". ಐದು ನಿಮಿಷದಲ್ಲಿ ವಿಚಾರಣೆ, ತೀರ್ಪು, ಶಿಕ್ಷೆ ಮೂರೂ ಮುಗಿದವು. ಆದರೆ ಸಂಜೆ ನಾಲ್ಕಕ್ಕೆ ಗಂಟೆ ಹೊಡೆದಾಗ ಲೈನಿನ ಹುಡುಗ ಹರಕು ಕೊಡೆ ಹಿಡಿದುಕೊಂಡು ತೋಟದೊಳಗೆ ಎರಡು ಮೈಲಿ ನೆನೆದುಕೊಂಡೇ ಹೋದ. ಮರುದಿನ ಬರಲಿಲ್ಲ. ಬಟವಾಡೆ ಆಗುವ ತನಕ ಅವನ ಅಪ್ಪ ಹೊಸ ಕೊಡೆ ತರುವ ಹಾಗಿಲ್ಲ. ಅತ್ತ ಮುರಿದವನ ಅಪ್ಪ ಶಾಲೆಗೆ ಬಂದು ಕೈಕಟ್ಟಿ ನಿಂತು, ಮನೆಗೆ ಹೋಗಿ ಮಗನಿಗೆ ಇನ್ನೆರಡು ಬಿಗಿದ. ಮುರಿದವನು ಬಸ್‌ಸ್ಟ್ಯಾಂಡಿನಲ್ಲಿ ಗೆಳೆಯರಿಗೆ ಹೇಳಿದ್ದು: "ಅವ್ನು ಇನ್ನೊಂದ್ಸಲ ಸಿಕ್ಲಿ."

ಶಾಲೆಯ ಪಾಲಿಗೆ ಶಿಸ್ತು ಕಾಪಾಡಿದ ಹಾಗಾಯಿತು. ಕೊಡೆ ಮಾತ್ರ ಮುರಿದೇ ಇದೆ.

ಮುರಿದ ಕೊಡೆಯಿಂದ ಲೆಕ್ಕ ಶುರುಮಾಡುವ ಇನ್ನೊಂದು ಪದ್ಧತಿ ಇದೆ. ಪುಸ್ತಕದ ಕನ್ನಡದಲ್ಲಿ ಅದಕ್ಕೆ 'ಪುನಃಸ್ಥಾಪನಾ ನ್ಯಾಯ' ಅನ್ನುತ್ತಾರೆ. ಆ ಹೆಸರು ಹೇಳಿದರೆ ಮಕ್ಕಳು ಮಾತ್ರವಲ್ಲ, ಮೇಷ್ಟ್ರುಗಳೂ ಓಡಿಹೋದಾರು. ನಾನು ಇಲ್ಲಿ ಅದನ್ನು 'ಸರಿಮಾಡುವ ದಾರಿ' ಎಂದೇ ಕರೆಯುತ್ತೇನೆ. ಇದರಲ್ಲಿ ಕೇಳುವ ಪ್ರಶ್ನೆಗಳು ಬೇರೆ. ಏನಾಯಿತು? ಯಾರಿಗೆ ಏನು ತೊಂದರೆಯಾಯಿತು? ಅದನ್ನು ಸರಿಮಾಡಲು ಯಾರು ಏನು ಮಾಡಬೇಕು? ಇಬ್ಬರೂ ಹುಡುಗರು, ನೋಡಿದವರು ಒಂದಿಬ್ಬರು, ಬೇಕಾದರೆ ಮನೆಯವರು, ಎಲ್ಲರೂ ಒಂದೇ ಎತ್ತರದಲ್ಲಿ ಸುತ್ತ ಕೂರಬೇಕು. ಮೇಷ್ಟ್ರು ಮಾತು ನಡೆಸುತ್ತಾರೆ, ತೀರ್ಪು ಕೊಡುವುದಿಲ್ಲ. ಮುರಿದವನು ಕೊಡೆ ರಿಪೇರಿಗೆ ಕೊಟ್ಟು ತರಬಹುದು, ಅಲ್ಲಿಯವರೆಗೆ ತನ್ನ ಕೊಡೆ ಬಿಟ್ಟುಕೊಡಬಹುದು. ಅದರ ಜೊತೆಗೆ ಅಣಕದ ಮಾತೂ ಹೊರಗೆ ಬರುತ್ತದೆ. ಮೊದಲಿನ ವಿಚಾರಣೆಯಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. ಲೈನಿನ ಹುಡುಗನನ್ನು ಕೇಳಿದರೆ ಕೊಡೆಗಿಂತ ಅದೇ ಹೆಚ್ಚು ನೋಯಿಸಿತ್ತು ಎಂದಾನು.

ಇದರ ಆಧುನಿಕ ಚರಿತ್ರೆಯನ್ನು ಬೇಗ ಹೇಳಿ ಮುಗಿಸುತ್ತೇನೆ. 1974ರಲ್ಲಿ ಕೆನಡಾದ ಎಲ್ಮೈರಾ ಎಂಬ ಸಣ್ಣ ಊರಿನಲ್ಲಿ ಇಬ್ಬರು ಹುಡುಗರು ಕುಡಿದು ಒಂದೇ ರಾತ್ರಿ 22 ಕಡೆ ಮನೆ, ವಾಹನ, ಅಂಗಡಿಗಳನ್ನು ಹಾಳುಮಾಡಿದರು. ಅವರ ಮೇಲ್ವಿಚಾರಣೆಯ ಅಧಿಕಾರಿ ಮಾರ್ಕ್ ಯಾಂಟ್ಸಿ ಒಂದು ಸಲಹೆ ಇಟ್ಟ: ಇವರು ಪ್ರತಿ ಮನೆಗೂ ಹೋಗಿ ಮುಖ ಕೊಟ್ಟು ಮಾತಾಡಿ ನಷ್ಟ ತುಂಬಿಕೊಡಲಿ. ನ್ಯಾಯಾಧೀಶರು ಒಪ್ಪಿದರು. 1989ರಲ್ಲಿ ನ್ಯೂಜಿಲೆಂಡ್, ಮಾವೋರಿ ಸಮುದಾಯದ ಒತ್ತಾಯದಿಂದ, ತಪ್ಪು ಮಾಡಿದ ಮಕ್ಕಳ ವಿಷಯದಲ್ಲಿ ಮನೆತನದವರೆಲ್ಲ ಸೇರಿ ಕೂತು ಮಾತಾಡುವ ಪದ್ಧತಿಯನ್ನೇ ಕಾನೂನು ಮಾಡಿತು. 1994ರಲ್ಲಿ ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡಿನ ಒಂದು ಹೈಸ್ಕೂಲಿನಲ್ಲಿ ಮಾರ್ಗರೆಟ್ ಥಾರ್ಸ್‌ಬೋರ್ನ್ ಇದನ್ನು ಶಾಲೆಯ ಜಗಳಕ್ಕೆ ತಂದರು. ಅಲ್ಲಿಂದ ಮುಂದೆ ಇದು ಜಗತ್ತಿನ ತುಂಬ ಹರಡಿತು.

ಹಾಗಾದರೆ ಇದು ನಮ್ಮ ಪಂಚಾಯ್ತಿಕಟ್ಟೆಯ ಹಳೆಯ ಪದ್ಧತಿಯೇ ಅಲ್ಲವೇ ಎಂದು ಯಾರಾದರೂ ಹೆಮ್ಮೆಪಡುವ ಮುನ್ನ ಒಂದು ಮಾತು. ಕಟ್ಟೆಯ ಮೇಲೆ ಯಾರು ಕೂರುತ್ತಿದ್ದರು, ಕೆಳಗೆ ಯಾರು ನಿಲ್ಲುತ್ತಿದ್ದರು ಎಂಬುದು ಊರಿನವರಿಗೆಲ್ಲ ಗೊತ್ತು. ದಂಡ, ಬಹಿಷ್ಕಾರ, ಎಲ್ಲರೆದುರು ಅಡ್ಡಬೀಳಿಸುವುದು, ಇವು ಸರಿಮಾಡುವ ದಾರಿಗಳಲ್ಲ. ನಮ್ಮಲ್ಲಿ ಇದಕ್ಕೆ ಹತ್ತಿರದ್ದು ಯಾವುದಾದರೂ ಇದ್ದರೆ 'ತಪ್ಪು ಕಾಣಿಕೆ'. ಅದರಲ್ಲೂ ಕಾಣಿಕೆ ದೇವರಿಗೆ ಹೋಗುತ್ತದೆ, ಕೊಡೆ ಕಳಕೊಂಡವನಿಗಲ್ಲ.

ಇನ್ನು ಏಟಿನ ವಿಜ್ಞಾನ. ಮೈಮೇಲೆ ಕೈ ಬೀಳುತ್ತದೆ ಎಂಬ ಭಯದಲ್ಲಿ ಮಿದುಳಿನ ಒಳಭಾಗದ ಅಮಿಗ್ಡಲಾ ಎಚ್ಚೆತ್ತುಕೊಳ್ಳುತ್ತದೆ, ಒತ್ತಡದ ಹಾರ್ಮೋನುಗಳು ರಕ್ತಕ್ಕೆ ಸೇರುತ್ತವೆ. ಹಿಂದುಮುಂದು ಯೋಚಿಸುವ, ಇನ್ನೊಬ್ಬರ ಜಾಗದಲ್ಲಿ ನಿಂತು ನೋಡುವ ಕೆಲಸ ಹಣೆಯ ಹಿಂದಿನ ಪ್ರೀಫ್ರಂಟಲ್ ಕಾರ್ಟೆಕ್ಸ್‌ನದು. ಅದು ಪೂರ್ತಿ ಬಲಿಯುವುದು ಇಪ್ಪತ್ತು ದಾಟಿ ನಾಲ್ಕೈದು ವರ್ಷವಾದ ಮೇಲೆ. ಭಯ ಹತ್ತಿದಾಗ ಇರುವಷ್ಟೂ ಮಂಕಾಗುತ್ತದೆ. ಅಂದರೆ 'ನೀನು ಮಾಡಿದ್ದು ಎಂಥ ಕೆಲಸ ಯೋಚನೆ ಮಾಡು' ಎಂದು ಬೆತ್ತ ಹಿಡಿದು ಹೇಳುವ ಮೇಷ್ಟ್ರು, ಯೋಚನೆ ಮಾಡುವ ಭಾಗಕ್ಕೇ ಬೀಗ ಹಾಕಿ ಆ ಮಾತು ಹೇಳುತ್ತಿರುತ್ತಾರೆ.

2005ರಲ್ಲಿ ಮಾರ್ಗೊ ಗಾರ್ಡ್‌ನರ್ ಮತ್ತು ಲಾರೆನ್ಸ್ ಸ್ಟೈನ್‌ಬರ್ಗ್ ಎಂಬ ಅಮೆರಿಕದ ಮನೋವಿಜ್ಞಾನಿಗಳು 306 ಜನರಿಗೆ ಕಂಪ್ಯೂಟರಿನಲ್ಲಿ ಕಾರು ಓಡಿಸುವ ಆಟ ಕೊಟ್ಟರು. ಹಳದಿ ದೀಪ ಬಿದ್ದ ಮೇಲೆ ಎಷ್ಟು ಹೊತ್ತು ನುಗ್ಗುತ್ತೀರಿ ಎಂಬ ಲೆಕ್ಕ. ಕೆಲವರು ಒಬ್ಬರೇ ಆಡಿದರು, ಕೆಲವರ ಪಕ್ಕದಲ್ಲಿ ಗೆಳೆಯರು ನಿಂತಿದ್ದರು. ದೊಡ್ಡವರ ಆಟದಲ್ಲಿ ಹೆಚ್ಚೇನೂ ವ್ಯತ್ಯಾಸವಾಗಲಿಲ್ಲ. 13ರಿಂದ 16 ವರ್ಷದವರು ಗೆಳೆಯರು ನೋಡುತ್ತಿದ್ದಾಗ ಎಗ್ಗಿಲ್ಲದೆ ನುಗ್ಗಿದರು. ಹರೆಯದವರಿಗೆ ಪ್ರೇಕ್ಷಕರಿದ್ದರೆ ತೂಕದ ಕಲ್ಲೇ ಬದಲಾಗುತ್ತದೆ. ಈಗ ತರಗತಿಯೆದುರು ಹೊಡೆಸಿಕೊಂಡ ಹುಡುಗನನ್ನು ನೆನೆಯಿರಿ. ನಲವತ್ತು ಜೊತೆ ಕಣ್ಣುಗಳ ಎದುರು ಅವನಿಗೆ ತಪ್ಪು ಒಪ್ಪಿಕೊಳ್ಳುವುದಕ್ಕಿಂತ ಅಳದೆ ನಿಲ್ಲುವುದು ಮುಖ್ಯ. ಅಳದೆ ನಿಂತವನು ಆವತ್ತಿನ ಹೀರೋ ಕೂಡ.

ಆಸ್ಟ್ರೇಲಿಯದ ಅಪರಾಧಶಾಸ್ತ್ರಜ್ಞ ಜಾನ್ ಬ್ರೈತ್‌ವೇಟ್ 1989ರಲ್ಲಿ ಬರೆದ ಪುಸ್ತಕವೊಂದರಲ್ಲಿ ಎರಡು ಬಗೆಯ ಲಜ್ಜೆಯನ್ನು ಬೇರ್ಪಡಿಸಿದ. ಒಂದು, ಮಾಡಿದ ಕೆಲಸ ಕೆಟ್ಟದ್ದು ಎನ್ನುತ್ತದೆ, ಆಮೇಲೆ ಒಳಗೆ ಕರೆದುಕೊಳ್ಳುತ್ತದೆ. ಇನ್ನೊಂದು, ನೀನೇ ಕೆಟ್ಟವನು ಎಂದು ಹಣೆಗೆ ಬರೆದು ಹೊರಗೆ ತಳ್ಳುತ್ತದೆ. ಇಂಗ್ಲಿಷಿನಲ್ಲಿ ಇದನ್ನು ಹೇಳಲು ಅವನಿಗೆ ಉದ್ದುದ್ದ ಪದಗಳು ಬೇಕಾದವು. ಕನ್ನಡದವರ ಬಾಯಲ್ಲಿ ಎರಡು ಮಾತು ಸಿದ್ಧವಾಗಿವೆ: ನಾಚಿಕೆ, ಅವಮಾನ. ಒಂದು ಒಳಗಿನಿಂದ ಬರುತ್ತದೆ, ಇನ್ನೊಂದನ್ನು ಹೊರಗಿನವರು ಮಾಡುತ್ತಾರೆ. ನಾಚಿದವನು ಕೊಡೆ ರಿಪೇರಿ ಮಾಡಿಸುತ್ತಾನೆ, ಅವಮಾನಗೊಂಡವನು ಬಸ್‌ಸ್ಟ್ಯಾಂಡಿನಲ್ಲಿ ಕಾಯುತ್ತಾನೆ. (ಈ ಅಧ್ಯಾಯದಲ್ಲಿ ಆ ಹುಡುಗನಿಗೆ 'ಮುರಿದವನು' ಎಂದು ಹೆಸರಿಟ್ಟು ಇಷ್ಟು ದೂರ ಎಳೆದುಕೊಂಡು ಬಂದವನು ನಾನೇ. ಹಣೆಪಟ್ಟಿ ಎಷ್ಟು ಸಲೀಸಾಗಿ ಅಂಟುತ್ತದೆ ನೋಡಿ.)

ಮೂಡಿಗೆರೆಯ ತೇಜಸ್ವಿಯವರ 'ಕರ್ವಾಲೋ' ಓದಿದವರಿಗೆ ಮಂದಣ್ಣ ನೆನಪಿರುತ್ತಾನೆ. ಊರಿನ ಕಣ್ಣಿಗೆ ಕೆಲಸಕ್ಕೆ ಬಾರದ ಪೋಲಿ, ವಿಜ್ಞಾನಿ ಕರ್ವಾಲೋ ಕಣ್ಣಿಗೆ ಹುಟ್ಟಾ ನಿಸರ್ಗತಜ್ಞ. ಅದೇ ಮನುಷ್ಯ, ಬದಲಾದದ್ದು ಅವನನ್ನು ಕೇಳಿದ ಪ್ರಶ್ನೆ. ಹರೆಯದವರ ಬೆಳವಣಿಗೆಯ ಬಗ್ಗೆ ಬರೆಯುವವರು ಇಂದು ಸಂಶೋಧನಾ ಪ್ರಬಂಧಗಳಲ್ಲಿ ಹೇಳುವ ಅರ್ಧದಷ್ಟು ಆ ಕಾದಂಬರಿಯಲ್ಲಿದೆ ಎಂದು ನನಗೆ ಅನ್ನಿಸುತ್ತದೆ.

ನಮ್ಮ ಕಾನೂನು ಏನನ್ನುತ್ತದೆ? 2009ರ ಶಿಕ್ಷಣ ಹಕ್ಕು ಕಾಯ್ದೆಯ ಕಲಂ 17 ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಆ ಕಾಯ್ದೆಯ ಕೈ ಚಾಚುವುದು 6ರಿಂದ 14 ವರ್ಷದವರಿಗೆ. ಒಂಬತ್ತನೇ ಕ್ಲಾಸಿನ ನಮ್ಮ ಹುಡುಗ ಅದರ ಅಂಚಿನಲ್ಲಿದ್ದಾನೆ. ಆದರೆ 18 ತುಂಬದ ಎಲ್ಲರಿಗೂ 2015ರ ಬಾಲನ್ಯಾಯ ಕಾಯ್ದೆಯ ಕಲಂ 75ರ ರಕ್ಷಣೆ ಇದೆ. ಇಷ್ಟಾಗಿಯೂ ನಡೆಯುವುದೇನು ಎಂಬುದಕ್ಕೆ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ 2009-10ರಲ್ಲಿ ಏಳು ರಾಜ್ಯಗಳಲ್ಲಿ ಮಾಡಿದ ಸಮೀಕ್ಷೆ ಸಾಕು. ಮಾತಾಡಿಸಿದ 6,632 ಮಕ್ಕಳಲ್ಲಿ ಶಾಲೆಯಲ್ಲಿ ಯಾವ ಶಿಕ್ಷೆಯನ್ನೂ ಕಂಡಿಲ್ಲ ಎಂದವರು 9 ಮಂದಿ.

ಅದೇ ಬಾಲನ್ಯಾಯ ಕಾಯ್ದೆಯ ಕಲಂ 18 ಓದಿದರೆ ಇನ್ನೊಂದು ತಮಾಷೆ ಕಾಣುತ್ತದೆ. ಅಪರಾಧ ಮಾಡಿ ಬಾಲನ್ಯಾಯ ಮಂಡಳಿಯ ಮುಂದೆ ನಿಂತ ಹುಡುಗನಿಗೆ ಬುದ್ಧಿ ಹೇಳಿ ಮನೆಗೆ ಕಳುಹಿಸುವುದು, ಗುಂಪಿನಲ್ಲಿ ಆಪ್ತಸಮಾಲೋಚನೆ, ಸಮುದಾಯ ಸೇವೆ, ಇಷ್ಟೆಲ್ಲ ಅವಕಾಶಗಳಿವೆ. ಶಾಲೆಯ ಜಗಲಿಯಲ್ಲಿ ಕೊಡೆ ಮುರಿದವನಿಗೆ ಅಷ್ಟು ಉಪಚಾರವಿಲ್ಲ. ಹೈಸ್ಕೂಲಿನಲ್ಲಿ ಅವನ ಪಾಲಿಗೆ ಇರುವುದು ಏಟು, ಅಪ್ಪ, ಟಿ.ಸಿ.

ಮೇಷ್ಟ್ರುಗಳ ಕಡೆಯಿಂದಲೂ ಒಂದು ಮಾತು ಹೇಳಲೇಬೇಕು. ಅವರ ಕೈಯಿಂದ ಬೆತ್ತ ಕಿತ್ತುಕೊಂಡ ಸರ್ಕಾರ ಬದಲಿಗೆ ಸುತ್ತೋಲೆ ಕೊಟ್ಟಿತು. ಘಟ್ಟದ ಮೇಲಿನ ಸಣ್ಣ ಶಾಲೆಗಳಲ್ಲಿ ಒಬ್ಬರೋ ಇಬ್ಬರೋ ಶಿಕ್ಷಕರು ಎಲ್ಲ ತರಗತಿಗಳನ್ನೂ ನೋಡಿಕೊಂಡು, ಬಿಸಿಯೂಟದ ಲೆಕ್ಕವನ್ನೂ ಬರೆಯುತ್ತಾರೆ. ಅಂಥವರಿಗೆ 'ಸುತ್ತ ಕೂತು ಮಾತಾಡಿಸಿ' ಎನ್ನುವುದು ಸುಲಭ.

ಈ ದಾರಿ ನಿಜಕ್ಕೂ ಫಲ ಕೊಡುತ್ತದೆಯೇ? ಇದರ ಭಕ್ತರು ಹೇಳುವಷ್ಟು ನೇರ ಉತ್ತರವಿಲ್ಲ. ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ರ‍್ಯಾಂಡ್ ಸಂಸ್ಥೆ 44 ಶಾಲೆಗಳನ್ನು ಎರಡು ಗುಂಪು ಮಾಡಿ ಎರಡು ವರ್ಷ ನೋಡಿತು. 2018ರಲ್ಲಿ ಬಂದ ವರದಿಯ ಪ್ರಕಾರ ಮಕ್ಕಳನ್ನು ಅಮಾನತು ಮಾಡುವುದು ಕಡಿಮೆಯಾಯಿತು, ಶಾಲೆಯ ವಾತಾವರಣ ಸುಧಾರಿಸಿತೆಂದು ಶಿಕ್ಷಕರು ಹೇಳಿದರು. ಆದರೆ 6ರಿಂದ 8ನೇ ತರಗತಿಯವರ ಓದು ಹಿಂದೆ ಬಿತ್ತು. ಮೇನ್ ರಾಜ್ಯದ ಶಾಲೆಗಳಲ್ಲಿ ಇದೇ ರೀತಿ ನಡೆಸಿದ ಪರೀಕ್ಷೆಯಲ್ಲಿ ಕಾರ್ಯಕ್ರಮ ನಡೆದ ಶಾಲೆಗೂ ನಡೆಯದ ಶಾಲೆಗೂ ಗಣನೀಯ ವ್ಯತ್ಯಾಸವೇ ಕಾಣಲಿಲ್ಲ. ತಮಗೆ ನಿಜವಾಗಿ ಇಂಥ ಅನುಭವ ಆಗಿದೆ ಎಂದ ಮಕ್ಕಳಲ್ಲಿ ಮಾತ್ರ ಒಳ್ಳೆಯ ಲಕ್ಷಣಗಳು ಕಂಡವು. ಗೋಡೆಗೆ ಅಂಟಿಸಿದ ಕಾರ್ಯಕ್ರಮ ಗೋಡೆಯಲ್ಲೇ ಉಳಿದಿರಬೇಕು. ಇಂಗ್ಲೆಂಡಿನ 40 ಶಾಲೆಗಳ ಅಧ್ಯಯನದಲ್ಲಿ ಮೂರನೇ ವರ್ಷದ ಹೊತ್ತಿಗೆ ಪೀಡನೆ ಸ್ವಲ್ಪ ಇಳಿದಿತ್ತು. ಸ್ವಲ್ಪ ಎಂದೇ ಓದಿಕೊಳ್ಳಿ.

ನನಗೆ ಇವೆಲ್ಲಕ್ಕಿಂತ ಹತ್ತಿರದ್ದು ಬಿಹಾರದ ನಳಂದ ಜಿಲ್ಲೆಯ ಕೆಲಸ. ಹೆಸರು 'ಸೆಹೆರ್', ನಡೆಸಿದ್ದು ಗೋವಾದ ಸಂಗಾತ್ ಸಂಸ್ಥೆ. ಮೊದಲ ವರ್ಷದ ಫಲಿತಾಂಶ 2018ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಅವರು ಅದನ್ನು ಪುನಃಸ್ಥಾಪನಾ ನ್ಯಾಯ ಎಂದು ಕರೆಯಲಿಲ್ಲ, ಶಾಲೆಯ ವಾತಾವರಣವನ್ನು ಸರಿಪಡಿಸುವ ಕೆಲಸ ಎಂದರು. ಸರ್ಕಾರಿ ಹೈಸ್ಕೂಲುಗಳು, ಗಿಜಿಗುಡುವ ತರಗತಿಗಳು, ನಮ್ಮಲ್ಲಿಯ ಹಾಗೆಯೇ. ಮಕ್ಕಳು ಹೆಸರು ಹಾಕದೆ ದೂರು ಬರೆದು ಹಾಕಲು ಒಂದು ಪೆಟ್ಟಿಗೆ, ಒಂದು ಗೋಡೆಪತ್ರಿಕೆ, ಪ್ರಾರ್ಥನೆಯ ಹೊತ್ತಿನಲ್ಲಿ ಚರ್ಚೆ, ಮಕ್ಕಳದೇ ಗುಂಪುಗಳು, ಕಷ್ಟದಲ್ಲಿರುವವರ ಜೊತೆ ಏಕಾಂತದಲ್ಲಿ ಮಾತು. ಶಾಲೆಗಳನ್ನು ಚೀಟಿ ಎತ್ತಿದ ಹಾಗೆ ಮೂರು ಪಾಲು ಮಾಡಿದರು. ಒಂದು ಪಾಲಿನಲ್ಲಿ ಈ ಕೆಲಸಕ್ಕೆಂದೇ ತರಬೇತಿ ಕೊಟ್ಟ ಸ್ಥಳೀಯ ವ್ಯಕ್ತಿಯನ್ನು ನೇಮಿಸಿದರು, ಅವರಿಗೆ 'ಸೆಹೆರ್ ಮಿತ್ರ' ಎಂದು ಹೆಸರು. ವೃತ್ತಿಪರ ಮನೋವೈದ್ಯರೇನೂ ಅಲ್ಲ. ಇನ್ನೊಂದರಲ್ಲಿ ಅದೇ ಕೆಲಸವನ್ನು ಅದೇ ಶಾಲೆಯ ಶಿಕ್ಷಕರಿಗೆ ವಹಿಸಿದರು. ಮೂರನೆಯದು ಇದ್ದಂತೆಯೇ ಇತ್ತು.

ಒಂದು ಶೈಕ್ಷಣಿಕ ವರ್ಷ ಮುಗಿಯುವ ಹೊತ್ತಿಗೆ ಮಿತ್ರರಿದ್ದ ಶಾಲೆಗಳಲ್ಲಿ ಪೀಡನೆ ಇಳಿದಿತ್ತು, ಹೊಡೆದಾಟ ಇಳಿದಿತ್ತು, ಮಕ್ಕಳ ಖಿನ್ನತೆಯ ಲಕ್ಷಣಗಳೂ ಇಳಿದಿದ್ದವು. ಎರಡನೇ ವರ್ಷ ಲಾಭ ಇನ್ನೂ ಹೆಚ್ಚಿತು. ಶಿಕ್ಷಕರು ನಡೆಸಿದ ಶಾಲೆಗಳಲ್ಲಿ ಏನೂ ಆಗಲಿಲ್ಲ.

ಅದೇ ಪೆಟ್ಟಿಗೆ, ಅದೇ ಗೋಡೆಪತ್ರಿಕೆ, ಫಲ ಮಾತ್ರ ಸೊನ್ನೆ. ಶಿಕ್ಷಕರು ಕೆಟ್ಟವರು ಎಂದು ಇದರಿಂದ ತೀರ್ಮಾನಿಸಬೇಕಿಲ್ಲ. ಬೆಳಿಗ್ಗೆ ಅಂಕ ಹಾಕಿ ಮಧ್ಯಾಹ್ನ ಗದರುವವರ ಹತ್ತಿರ ಸಂಜೆ ಮನಸ್ಸು ಬಿಚ್ಚಿ ಮಾತಾಡು ಎಂದರೆ ಯಾವ ಮಗು ಮಾತಾಡೀತು? ಪೀರಿಯಡ್ಡುಗಳ ನಡುವೆ ಅವರಿಗೆ ಪುರುಸೊತ್ತಾದರೂ ಎಲ್ಲಿ? ಈ ವಿಷಯದಲ್ಲಿ ನನಗೆ ಇರುವ ಒಂದೇ ಅಭಿಪ್ರಾಯ ಇದು: ಸರಿಮಾಡುವ ದಾರಿಗೆ ಬೇಕಾದದ್ದು ಹೊಸ ವಿಧಿ ಅಲ್ಲ, ಹೊತ್ತು ಇರುವ ಒಬ್ಬ ಮನುಷ್ಯ. ಮೂಡಿಗೆರೆ, ಕಳಸದ ಐದಾರು ಹೈಸ್ಕೂಲುಗಳಿಗೆ ಅಂಥ ಒಬ್ಬರನ್ನು ಕೊಟ್ಟರೂ ಸಾಕು, ನೂರು ಸುತ್ತೋಲೆಗಿಂತ ಹೆಚ್ಚಿನ ಕೆಲಸವಾಗುತ್ತದೆ. ಅವರಿಗೆ ತುಳು, ತಮಿಳು, ಸ್ವಲ್ಪ ಹಿಂದಿ ಬಂದರೆ ಇನ್ನೂ ಒಳ್ಳೆಯದು. ಲೈನುಗಳಲ್ಲಿ ಈಗ ಅಷ್ಟು ಭಾಷೆಗಳಿವೆ.

ಎರಡು ಎಚ್ಚರಿಕೆ. ಲೈಂಗಿಕ ದೌರ್ಜನ್ಯವನ್ನು ಸುತ್ತ ಕೂತು 'ಸರಿಮಾಡುವ' ಹಾಗಿಲ್ಲ. 2012ರ ಪೋಕ್ಸೊ ಕಾಯ್ದೆ ಗೊತ್ತಾದ ಕೂಡಲೇ ದೂರು ಕೊಡಬೇಕೆನ್ನುತ್ತದೆ. 'ಶಾಲೆಯ ಮರ್ಯಾದೆ' ಎಂದು ರಾಜಿ ಮಾಡಿಸುವವರು ಕಾನೂನಿನ ಕಣ್ಣಲ್ಲಿ ತಪ್ಪಿತಸ್ಥರು. ಇನ್ನೊಂದು, ಜಾತಿ ಹಿಡಿದು ಬೈದ ಪ್ರಕರಣದಲ್ಲಿ ಬೈಸಿಕೊಂಡ ಹುಡುಗನನ್ನು ಕೂರಿಸಿ 'ಆಯ್ತು ಬಿಡಪ್ಪ, ಕೈಕುಲುಕಿ' ಎನ್ನುವುದು ಎರಡನೇ ಸಲ ಬೈದ ಹಾಗೆ. ತೋಟದ ಸೀಮೆಯಲ್ಲಿ ಸುತ್ತ ಕೂತವರೆಲ್ಲ ಸಮಾನರಲ್ಲ. ಸಾಹುಕಾರರ ಮಕ್ಕಳು ಪೇಟೆಯ ಕಾನ್ವೆಂಟಿನಲ್ಲೋ ದೂರದ ಬೋರ್ಡಿಂಗಿನಲ್ಲೋ ಓದುವುದರಿಂದ ಈ ಸುತ್ತಿಗೆ ಬರುವುದೇ ಇಲ್ಲ, ಅದು ಬೇರೆ ಮಾತು. ಆದರೆ ರೈಟರ ಮಗನೂ ಕೂಲಿಯವರ ಮಗಳೂ ಒಂದೇ ಬೆಂಚಿನಲ್ಲಿ ಇರುತ್ತಾರೆ. ಮನೆಯವರನ್ನು ಕರೆಸಿದಾಗ ಯಾರು ಕುರ್ಚಿಯಲ್ಲಿ ಕೂರುತ್ತಾರೆ, ಯಾರು ಬಾಗಿಲ ಹೊರಗೆ ನಿಲ್ಲುತ್ತಾರೆ ಎಂಬುದನ್ನು ಹೆಡ್‌ಮಾಸ್ಟರು ಮೊದಲೇ ನೋಡಿಕೊಳ್ಳಬೇಕು.

ಮಕ್ಕಳ ಮಾತಿಗೆ ತೂಕ ಕೊಡುವ ಅಭ್ಯಾಸ ಜಗಳದ ದಿನವೇ ಶುರುವಾಗುವುದಿಲ್ಲ. ಈ ವಿಷಯದಲ್ಲಿ ನಮಗೆ ದೂರದ ಮಾದರಿ ಬೇಡ. ಘಟ್ಟ ಇಳಿದರೆ ಉಡುಪಿ ಜಿಲ್ಲೆ. ಅಲ್ಲಿ ಕುಂದಾಪುರ ತಾಲ್ಲೂಕಿನ ಕೆರಾಡಿಯಲ್ಲಿ 1995ರಲ್ಲೇ ದುಡಿಯುವ ಮಕ್ಕಳೂ ಶಾಲೆಯ ಮಕ್ಕಳೂ ಸೇರಿ ಮತ ಹಾಕಿ ತಮ್ಮದೇ ಮಕ್ಕಳ ಪಂಚಾಯತಿ ಕಟ್ಟಿದರು. ಅವರ ಬೆನ್ನಿಗೆ 'ದಿ ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್' ಎಂಬ ಸಂಸ್ಥೆ ಇತ್ತು. 2006ರಲ್ಲಿ ಕರ್ನಾಟಕ ಸರ್ಕಾರ ಎಲ್ಲ ಗ್ರಾಮ ಪಂಚಾಯತಿಗಳೂ ಮಕ್ಕಳ ಗ್ರಾಮಸಭೆ ನಡೆಸಬೇಕೆಂದು ಆದೇಶಿಸಿತು. ಮಲೆನಾಡಿನ ಮಕ್ಕಳಿಗೆ ಮೈಕು ಕೊಟ್ಟರೆ ಕಾಲುಸಂಕ, ಬಸ್ಸು, ಶೌಚಾಲಯದ ಬಾಗಿಲು, ಊರೊಳಗಿನ ಸಾರಾಯಿ, ಇವುಗಳ ಮಾತು ಬಂದೇ ಬರುತ್ತದೆ. ದೊಡ್ಡವರು ಅದಕ್ಕೆ ಉತ್ತರ ಕೊಡಬೇಕಾಗುತ್ತದೆ. ತನ್ನ ಮಾತಿಗೆ ಒಂದು ಕಾಲುಸಂಕ ಬಂದದ್ದನ್ನು ನೋಡಿದ ಹುಡುಗಿ ನಾಳೆ ಶಾಲೆಯ ಜಗಲಿಯಲ್ಲೂ ಬಾಯಿ ಬಿಡುತ್ತಾಳೆ, ಕೊಡೆ ಹೇಗೆ ಮುರಿಯಿತು ಎಂದು ಕಂಡದ್ದನ್ನು ಕಂಡಂತೆ ಹೇಳುತ್ತಾಳೆ.

ಕಾಫಿ ಸೀಮೆಯಲ್ಲಿ ಇದಕ್ಕೊಂದು ಸಣ್ಣ ತೊಡಕಿದೆ. ಮಕ್ಕಳ ಗ್ರಾಮಸಭೆಗಳು ಸಾಮಾನ್ಯವಾಗಿ ನಡೆಯುವುದು ನವೆಂಬರ್ 14ರ ಮಕ್ಕಳ ದಿನಾಚರಣೆಯಿಂದ ಈಚೆಗೆ. ಆ ಹೊತ್ತಿಗೆ ಅರೇಬಿಕಾ ಕೊಯ್ಲು ಶುರುವಾಗಿರುತ್ತದೆ, ಅದರ ಬೆನ್ನಿಗೇ ರೊಬಸ್ಟಾ. ಫೆಬ್ರುವರಿ ತನಕ ಲೈನಿನ ಅಪ್ಪ ಅಮ್ಮಂದಿರು ಬೆಳಗಿನಿಂದ ಸಂಜೆಯವರೆಗೆ ಗಿಡದ ಬುಡದಲ್ಲಿ, ದೊಡ್ಡ ಮಕ್ಕಳು ಮನೆಯಲ್ಲಿ ಚಿಕ್ಕವರನ್ನು ನೋಡಿಕೊಂಡು. ಸಭೆಯಲ್ಲಿ ಆ ಮಕ್ಕಳ ಜಾಗ ಖಾಲಿ. ನಿಮ್ಮ ಪಂಚಾಯತಿಯ ಪಿಡಿಒ ಅವರನ್ನು ಕಂಡು ಕೇಳಿ: ಸಭೆಯನ್ನು ಅಕ್ಟೋಬರಿನಲ್ಲೇ ಇಡಲಾದೀತೇ, ಇಲ್ಲದಿದ್ದರೆ ತೋಟಕ್ಕೆ ರಜೆ ಇರುವ ಸಂತೆಯ ದಿನ ಇಡಲಾದೀತೇ ಎಂದು. ಅದಕ್ಕೆ ಹೊಸ ಆದೇಶ ಬೇಕಾಗಿಲ್ಲ, ತಾರೀಕು ಬದಲಿಸಿದರೆ ಸಾಕು.